ಚಳಿಯೂ ಮಳೆಯೂ ಕೂಡಿ ಬಂದಾಗ ಅಂಗಳಕ್ಕೆ ಯಾವ ಗಿಡ?



ಕಳೆದ ವರ್ಷ ಆಗಮನಕಾಲದ ಮೊದಲ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದಾಗ ಕೋತಗಿರಿ ಕಡೆಯ ಒಬ್ಬ ತಾಯಿ ಬಾಡಿದ ಮರಟೊಮ್ಯಾಟೊ ಸಸಿಯೊಂದನ್ನು ಚೀಲದಲ್ಲಿ ಇಟ್ಟುಕೊಂಡು ಕಾದು ನಿಂತಿದ್ದರು. "ಸ್ವಾಮಿ, ಹನ್ನೆರಡು ಸಸಿ ತಂದು ನೆಟ್ಟೆ, ಒಂದೂ ಉಳಿಯಲಿಲ್ಲ. ನಮ್ಮ ಚಳಿಗೆ ಈ ಗಿಡ ಆಗೋದಿಲ್ಲ ಅಂತ ಕಾಣುತ್ತೆ" ಎಂದರು. ಆ ಸಸಿಗಳಿಗೆ ಕೊಟ್ಟದ್ದು ಚಹಾ ಎಲೆ ಕಿತ್ತು ಸಂಪಾದಿಸಿದ ಹಣ. ಅವರ ಮುಖದಲ್ಲಿದ್ದ ಬೇಸರ ಬರೀ ಗಿಡದ ಬೇಸರವಾಗಿರಲಿಲ್ಲ.

ಸಸಿಯನ್ನು ತಿರುಗಿಸಿ ಬೇರು ನೋಡಿದೆವು. ಬಿಳಿಯಾಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿ ಬಂದು ಒಳಗಿನ ನಾರು ಮಾತ್ರ ಉಳಿಯುತ್ತಿತ್ತು. ಮೂಗಿನ ಬಳಿ ಹಿಡಿದರೆ ಚರಂಡಿಯ ವಾಸನೆ. ಆ ಹೊತ್ತಿಗೆ ಕೋತಗಿರಿಯಲ್ಲಿ ಇನ್ನೂ ಹಿಮ ಬಿದ್ದೇ ಇರಲಿಲ್ಲ. ಮಳೆಯೇನೋ ದಿನಗಟ್ಟಲೆ ಹಿಡಿದುಕೊಂಡಿತ್ತು. ಆ ಸಸಿ ಸತ್ತದ್ದು ನಿಂತ ನೀರಿನಲ್ಲಿ ಉಸಿರು ಕಟ್ಟಿ.

ಬೇರಿಗೂ ಉಸಿರು ಬೇಕು. ಗುರುಮಠದಲ್ಲಿ ನಾವು ತರ್ಕಶಾಸ್ತ್ರ ಓದಿದೆವು, ಲ್ಯಾಟಿನ್ ಓದಿದೆವು. ಈ ಸಣ್ಣ ಸಂಗತಿಯನ್ನು ಕಲಿತದ್ದು ಮಾತ್ರ ಈ ಬೆಟ್ಟಕ್ಕೆ ಬಂದು ಗಿಡ ಸಾಯಿಸಿದ ಮೇಲೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಸಂದುಗಳಿರುತ್ತವೆ. ಅವುಗಳಲ್ಲಿ ಗಾಳಿ ಇದ್ದರೆ ಬೇರು ಬದುಕುತ್ತದೆ, ನೀರು ತುಂಬಿ ನಿಂತರೆ ಗಾಳಿ ಹೊರಗಾಗುತ್ತದೆ. ಬೇಸಿಗೆಯಲ್ಲಾದರೆ ಗಿಡ ಎಲೆಯ ಮೂಲಕ ನೀರನ್ನು ಬೇಗಬೇಗ ಹೊರಹಾಕಿ ಮಣ್ಣನ್ನು ತಾನೇ ಒಣಗಿಸಿಕೊಳ್ಳುತ್ತದೆ. ಚಳಿಯಲ್ಲಿ, ಮೋಡ ಮುಚ್ಚಿದ ದಿನಗಳಲ್ಲಿ, ಅದು ನೀರು ಕುಡಿಯುವುದೇ ಕಡಿಮೆ. ಹಾಗಾಗಿ ನೀರು ನಿಂತಲ್ಲೇ ನಿಲ್ಲುತ್ತದೆ, ಬೇರು ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬವಾಗುತ್ತದೆ. ಬೇರು ಹೋದ ಗಿಡ ಒದ್ದೆ ನೆಲದಲ್ಲಿ ನಿಂತೇ ಬಾಡುತ್ತದೆ. ಅದನ್ನು ನೋಡಿ ನೀರು ಸಾಲದೆಂದು ಇನ್ನೊಂದು ಚೊಂಬು ಹೊಯ್ದವರೂ ನಮ್ಮಲ್ಲಿದ್ದಾರೆ.

ಬಿತ್ತುವವನ ಸಾಮತಿಯಲ್ಲಿ ನಾಲ್ಕು ಬಗೆಯ ನೆಲ ಬರುತ್ತದೆ: ದಾರಿಯ ಬದಿ, ಬಂಡೆಯ ನೆಲ, ಮುಳ್ಳಿನ ನೆಲ, ಒಳ್ಳೆಯ ನೆಲ. ನೀರು ನಿಂತ ನೆಲ ಅದರಲ್ಲಿಲ್ಲ. ನೀಲಗಿರಿಯಲ್ಲಿ ಆ ಐದನೆಯ ನೆಲವೇ ಹೆಚ್ಚು.

ಆದ್ದರಿಂದ ಗಿಡ ಕೊಳ್ಳುವ ಮೊದಲು ನೆಲವನ್ನು ಪರೀಕ್ಷಿಸಿರಿ. ಅಂಗಳದಲ್ಲಿ ಒಂದು ಅಡಿ ಅಗಲ, ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿರಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿರಿ. ಈ ಎರಡನೆಯ ಸಲದ್ದೇ ನಿಜವಾದ ಪರೀಕ್ಷೆ. ಮೂರು ನಾಲ್ಕು ಗಂಟೆಯಲ್ಲಿ ಇಳಿದು ಹೋದರೆ ಯಾವ ಗಿಡಕ್ಕೂ ಭಯವಿಲ್ಲ. ಸಂಜೆ ತುಂಬಿದ ನೀರು ಬೆಳಿಗ್ಗೆಯೂ ಕಂಡರೆ ಅಲ್ಲಿ ಏರುಮಡಿ ಮಾಡದೆ ಏನನ್ನೂ ನೆಡಬೇಡಿರಿ. ಮೂರು ಅಡಿ ಅಗಲ, ಎಂಟೊಂಬತ್ತು ಅಂಗುಲ ಎತ್ತರದ ಮಡಿ ಸಾಕು. ಎರಡು ಮಡಿಗಳ ನಡುವೆ ಬಸಿಗಾಲುವೆ ಇರಲಿ. ಮಡಿಯ ಮೇಲೆ ಕಾಲಿಡಬೇಡಿರಿ. ಒದ್ದೆ ಮಣ್ಣನ್ನು ಒಮ್ಮೆ ತುಳಿದರೆ ನಾವು ಹೇಳಿದ ಆ ಸಂದುಗಳೆಲ್ಲ ಮುಚ್ಚಿಹೋಗುತ್ತವೆ.

ಇನ್ನು ಚಳಿಯ ಮಾತು. ನಮ್ಮ ಜಿಲ್ಲೆಯ ಚಳಿಗಾಲ ಎಲ್ಲರಿಗೂ ಒಂದೇ ಅಲ್ಲ. ಗೂಡಲೂರು, ಕುಂದಾ ಕಡೆಯವರಿಗೆ ದೊಡ್ಡ ಮಳೆ ಜೂನ್‌ನಿಂದ ಆಗಸ್ಟ್‌ವರೆಗೆ, ಪಶ್ಚಿಮದಿಂದ. ಕೂನೂರು, ಕೋತಗಿರಿ ಕಡೆಯವರಿಗೆ ದೊಡ್ಡ ಮಳೆ ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ, ಪೂರ್ವದಿಂದ. ಅದು ಚಳಿಯ ಜೊತೆಯಲ್ಲೇ ಬರುತ್ತದೆ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಮಳೆ ಹಿಂದೆ ಸರಿದು ಆಕಾಶ ತೆರೆದ ಮೇಲೆ ಹಿಮ ಬೀಳಲಾರಂಭಿಸುತ್ತದೆ. ಹೀಗಾಗಿ ಅಕ್ಕ ಕೋತಗಿರಿಯಲ್ಲಿ, ತಂಗಿ ತಲೈಕುಂದಾದಲ್ಲಿ ಇದ್ದರೆ ಒಬ್ಬರ ಅಂಗಳದಲ್ಲಿ ಚೆನ್ನಾಗಿ ಬಂದ ಗಿಡ ಇನ್ನೊಬ್ಬರಲ್ಲಿ ಬರಬೇಕೆಂದಿಲ್ಲ. ಸಸಿ ಹಂಚಿಕೊಳ್ಳುವಾಗ ಇದು ನೆನಪಿರಲಿ.

ಹಿಮ ಹೇಗೆ ಬೀಳುತ್ತದೆಂದು ತಿಳಿದರೆ ಗಿಡಕ್ಕೆ ಜಾಗ ಹುಡುಕುವುದು ಸುಲಭ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಡುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ; ಅದು ನೀರಿನಂತೆಯೇ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಅದಕ್ಕೇ ಬೆಳಿಗ್ಗೆ ನೋಡಿದರೆ ಕಣಿವೆಯ ತಳದಲ್ಲಿ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ, ನಡುಗುಡ್ಡದ ಚಹಾ ಗಿಡ ಹಸಿರು. ವರದಿಯಲ್ಲಿ 3 ಡಿಗ್ರಿ ಎಂದು ಹೇಳಿದ ದಿನವೂ ನೆಲಮಟ್ಟದಲ್ಲಿ ಹಿಮ ಕಾಣಬಹುದು, ಏಕೆಂದರೆ ಉಷ್ಣತಾಮಾಪಕವನ್ನು ಇಡುವುದು ನೆಲಕ್ಕಿಂತ ಎತ್ತರದಲ್ಲಿ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಬೇಕು. ಹಿಂದೆ ನಾವಿದ್ದ ಊಟಿ ಕಡೆಯ ಬಂಗಲೆಯ ಹಿಂಭಾಗದಲ್ಲಿ ಇಳಿಜಾರಿನ ತೋಟವಿತ್ತು. ಕಾಡುಹಂದಿಯ ಕಾಟ ತಾಳಲಾರದೆ ತೋಟದ ಕೆಳಗಡೆ ಉದ್ದಕ್ಕೂ ಕಲ್ಲಿನ ಗೋಡೆ ಕಟ್ಟಿಸಿದೆವು. ಗಟ್ಟಿ ಗೋಡೆ, ಒಂದು ಸಂದೂ ಇಲ್ಲ. ನೋಡಿದವರೆಲ್ಲ ಹೊಗಳಿದರು. ಆ ವರ್ಷ ನವೆಂಬರ್‌ನಲ್ಲಿ ಗೋಡೆಯ ಹಿಂದೆ ನೀರು ನಿಂತು ಗುಲಾಬಿಗಳ ಬೇರು ಕೊಳೆಯಿತು. ಜನವರಿಯಲ್ಲಿ ಗುಡ್ಡದಿಂದ ಹರಿದು ಬಂದ ತಣ್ಣನೆಯ ಗಾಳಿಗೂ ಅದೇ ಗೋಡೆ ಅಡ್ಡವಾಯಿತು. ಅಲ್ಲಿದ್ದ ಬೀನ್ಸ್, ದಾಸವಾಳ, ಒಂದು ಬಾಳೆ ಎಲ್ಲವೂ ಒಂದೇ ರಾತ್ರಿಯಲ್ಲಿ ಬೇಯಿಸಿದ ಸೊಪ್ಪಿನಂತಾದವು. ಹಂದಿ ಬಂದಿದ್ದರೂ ಅಷ್ಟು ನಷ್ಟವಾಗುತ್ತಿರಲಿಲ್ಲ. ಮರುವರ್ಷ ಬುಡದಲ್ಲಿ ನೀರು ಹೋಗಲು ಕಂಡಿಗಳನ್ನು ಕೊರೆಸಿ, ಮಧ್ಯದಲ್ಲಿ ಗೋಡೆ ಒಡೆದು ಕಂಬಿಯ ಗೇಟು ಇಡಿಸಿದೆವು. ನೀರೂ ಹೋಯಿತು, ಚಳಿಯೂ ಹೋಯಿತು. ನಿಮ್ಮ ಅಂಗಳದ ಕೆಳಬದಿಯಲ್ಲಿ ಗೋಡೆಯೋ ದಟ್ಟ ಬೇಲಿಯೋ ಇದ್ದರೆ ಅದರ ಹಿಂದಿನ ಜಾಗವನ್ನು ಗಟ್ಟಿ ಗಿಡಗಳಿಗೆ ಬಿಡಿರಿ. ಸೂಕ್ಷ್ಮ ಗಿಡಗಳಿಗೆ ಮನೆಯ ಗೋಡೆಯ ಪಕ್ಕ, ಸೂರಿನ ಕೆಳಗಿನ ಜಾಗವೇ ಮೇಲು.

ಯಾವುದು ಗಟ್ಟಿ, ಯಾವುದು ಸೂಕ್ಷ್ಮ? ಎಲೆಕೋಸು, ಟರ್ನಿಪ್, ಮೂಲಂಗಿ, ಕ್ಯಾರೆಟ್, ಲೀಕ್, ಪಾಲಕ್, ಸಾಸಿವೆ ಸೊಪ್ಪು ಇವು ನಮ್ಮ ಹಿಮವನ್ನು ತಡೆದುಕೊಳ್ಳುತ್ತವೆ. ಚಳಿ ತಾಗಿದ ಕ್ಯಾರೆಟ್ ಇನ್ನೂ ಸಿಹಿಯಾಗುತ್ತದೆ, ಏಕೆಂದರೆ ಚಳಿಗೆ ಗಿಡ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಆದರೆ ನೀರು ನಿಲ್ಲುವ ಗಟ್ಟಿ ನೆಲದಲ್ಲಿ ಕ್ಯಾರೆಟ್ ಕವಲೊಡೆದು ಸೊಟ್ಟಗಾಗುತ್ತದೆ. ಅದಕ್ಕೆ ಏರುಮಡಿ ಬೇಕೇ ಬೇಕು. ಬಟಾಣಿಯ ಎಲೆಗೆ ಹಿಮ ಏನೂ ಮಾಡದು, ಹೂವಿಗೂ ಎಳೆ ಕಾಯಿಗೂ ಮಾಡುತ್ತದೆ. ಹಿಮದ ತಿಂಗಳಲ್ಲಿ ಹೂ ಬಿಡದಂತೆ ಲೆಕ್ಕ ಹಾಕಿ ಬಿತ್ತಿರಿ. ಬೀನ್ಸ್, ಟೊಮ್ಯಾಟೊ, ದಪ್ಪ ಮೆಣಸಿನಕಾಯಿ, ಸೌತೆ, ದಂಟಿನ ಸೊಪ್ಪು ಇವು ಹಿಮಕ್ಕೆ ಉಳಿಯುವುದಿಲ್ಲ. ಊಟಿ ಕಡೆಯ ತಗ್ಗಿನವರು ಯೇಸುಬಾಲರನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ, ಅಂದರೆ ಫೆಬ್ರವರಿ 2, ಕಳೆಯುವವರೆಗೆ ಇವನ್ನು ಹೊರಗೆ ನೆಡಬೇಡಿರಿ. ಸಂತ ಜೋಸೆಫರ ಹಬ್ಬದ ಹೊತ್ತಿಗೆ ನೆಟ್ಟವರು ಬೇಗ ನೆಟ್ಟವರಿಗಿಂತ ಹಿಂದೆ ಬೀಳುವುದೇನೂ ಇಲ್ಲ.

ಸೀಮೆಬದನೆಯ ಬಗ್ಗೆ ನಮಗೆ ವಿಶೇಷ ಪ್ರೀತಿ. ಹಿಮ ಬಿದ್ದರೆ ಬಳ್ಳಿ ಕರಿದಾಗಿ ಸಾಯುತ್ತದೆ, ಬುಡ ಸಾಯುವುದಿಲ್ಲ. ಬುಡಕ್ಕೆ ಒಣಗಿದ ಜರಿಗಿಡ ಮುಚ್ಚಿಟ್ಟರೆ ಬಿಸಿಲು ಬಲಿತಾಗ ಮತ್ತೆ ಚಿಗುರುತ್ತದೆ. ಕಾಯಿ ಪಲ್ಯಕ್ಕೆ, ಎಳೆ ಕುಡಿ ಸೊಪ್ಪಿನ ಸಾರಿಗೆ. ಜರಿಗಿಡ ನಮ್ಮ ಬೆಟ್ಟದಲ್ಲಿ ಪುಕ್ಕಟೆ ಸಿಗುವ ಕಂಬಳಿ. ಚಹಾ ರೈತರು ಎಳೆಯ ಗಿಡಗಳಿಗೆ ಇದನ್ನೇ ಹೊದಿಸುವುದನ್ನು ನೋಡಿದ್ದೀರಿ. ಸಂಜೆ ಹೊದಿಸಿ ಬೆಳಿಗ್ಗೆ ತೆಗೆಯಬೇಕು, ಗಿಡಕ್ಕೆ ಬೆಳಕು ಬೇಕಲ್ಲ. ಹೊದಿಸಲು ಮರೆತ ದಿನ ಬಿಸಿಲು ತಾಗುವ ಮೊದಲೇ ಎಲೆಗಳ ಮೇಲೆ ನೀರು ಚಿಮುಕಿಸಿ ಹಿಮವನ್ನು ಕರಗಿಸಿರಿ.

ಆಲೂಗಡ್ಡೆಯನ್ನು ಬಿಟ್ಟು ನೀಲಗಿರಿಯ ತೋಟದ ಮಾತು ಮುಗಿಯದು. ನೀರ್‌ಬೋಗ, ಕಾರ್‌ಬೋಗ, ಕಡೆಬೋಗ ಎಂಬ ಮೂರು ಬೆಳೆಗಳಲ್ಲಿ ಚಳಿಮಳೆಗೆ ಸಿಕ್ಕುವುದು ಕಡೆಬೋಗ. ತಣ್ಣನೆಯ ಒದ್ದೆ ಗಾಳಿಯಲ್ಲಿ ಅಂಗಮಾರಿ ರೋಗ ಎಲೆಯಿಂದ ಎಲೆಗೆ ಹಾರಿ ವಾರದೊಳಗೆ ಮಡಿಯನ್ನೆಲ್ಲ ಕಪ್ಪಾಗಿಸಬಲ್ಲದು. ಅದಲ್ಲದೆ ಬೇರು ಹೀರುವ, ಕಣ್ಣಿಗೆ ಕಾಣದ ಜಂತುಹುಳು ಇಲ್ಲಿನ ಮಣ್ಣಿನಲ್ಲಿದೆಯೆಂದು 1961ರಲ್ಲೇ ಪತ್ತೆಯಾಯಿತು. ಅದರ ಮೊಟ್ಟೆಗಳು ಗಟ್ಟಿ ಕೋಶದೊಳಗೆ ವರ್ಷಾನುಗಟ್ಟಲೆ ಬದುಕಿರುತ್ತವೆ. ಅದನ್ನು ತಡೆಯುವ ತಳಿಯಾಗಿ ಕುಫ್ರಿ ಸ್ವರ್ಣ 1985ರಲ್ಲಿ ಬಂತು. ಮನೆಯಂಗಳದಲ್ಲಿ ಬೆಳೆಯುವವರಿಗೆ ನಮ್ಮ ಮಾತು ಇಷ್ಟೇ: ಒಂದೇ ಮಡಿಯಲ್ಲಿ ವರ್ಷ ವರ್ಷವೂ ಆಲೂಗಡ್ಡೆಯಾಗಲಿ ಟೊಮ್ಯಾಟೊವಾಗಲಿ ಹಾಕಬೇಡಿರಿ, ಎರಡೂ ಒಂದೇ ಕುಲದವು. ನಡುವೆ ಕೋಸು, ಕ್ಯಾರೆಟ್, ಬೀನ್ಸ್ ಬರಲಿ. ಇಲ್ಲಿನ ಬೀಜದ ಗೆಡ್ಡೆಯನ್ನು ಕೆಳನಾಡಿನ ನೆಂಟರಿಗೆ ಕಳಿಸಲೂಬೇಡಿರಿ. ಅದಕ್ಕೆ ನಿರ್ಬಂಧವಿದೆ, ನಿರ್ಬಂಧಕ್ಕೆ ಕಾರಣವೂ ಇದೆ.

ಕೋಸಿನ ಬೇರು ಊದಿ ಗಂಟುಗಂಟಾಗುವ ರೋಗ ಹುಳಿ ಮಣ್ಣಿನಲ್ಲಿ, ಒದ್ದೆ ಮಣ್ಣಿನಲ್ಲಿ ಹೆಚ್ಚು. ನಮ್ಮ ಬೆಟ್ಟದ ಮಣ್ಣು ಬಹುಪಾಲು ಹುಳಿ. ಅದನ್ನು ತಿಳಿಯಲು ನಿಮ್ಮ ಬಾಗಿಲಲ್ಲೇ ಒಂದು ಸಾಧನವಿದೆ, ಅದು ಹೈಡ್ರೇಂಜಿಯಾ ಗಿಡ. ಬಣ್ಣದ ಹೂವಿನ ಹೈಡ್ರೇಂಜಿಯಾ ಹುಳಿ ಮಣ್ಣಿನಲ್ಲಿ ನೀಲಿಯಾಗಿಯೂ ಸುಣ್ಣದ ಮಣ್ಣಿನಲ್ಲಿ ಗುಲಾಬಿ ಬಣ್ಣದಲ್ಲಿಯೂ ಅರಳುತ್ತದೆ. ನಿಮ್ಮದು ಕಡು ನೀಲಿಯಾಗಿದ್ದರೆ ಕೋಸಿನ ಮಡಿಗೆ ನಾಟಿಗೆ ಮೊದಲೇ ಕೃಷಿ ಸುಣ್ಣ ಬೆರೆಸಿರಿ. ಒಲೆಯ ಬೂದಿಯೂ ಸ್ವಲ್ಪಮಟ್ಟಿಗೆ ಅದೇ ಕೆಲಸ ಮಾಡುತ್ತದೆ. ಆಲೂಗಡ್ಡೆಯ ಮಡಿಗೆ ಮಾತ್ರ ಬೂದಿ ಬೇಡ, ಗೆಡ್ಡೆಯ ಸಿಪ್ಪೆಯ ಮೇಲೆ ಕಜ್ಜಿ ಬರುತ್ತದೆ.

ಹಣ್ಣಿನ ಗಿಡಗಳಲ್ಲಿ ಪೇರಿ ಒದ್ದೆ ನೆಲವನ್ನು ಸಹಿಸುತ್ತದೆ, ಪ್ಲಮ್ ಸುಮಾರಾಗಿ, ಪೀಚ್ ಸ್ವಲ್ಪವೂ ಸಹಿಸದು. ಈ ಮೂರೂ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮರಗಳು. ಚಳಿ ಸಿಕ್ಕದಿದ್ದರೆ ಸರಿಯಾಗಿ ಹೂ ಬಿಡುವುದೂ ಇಲ್ಲ. ಆದ್ದರಿಂದ ಚಳಿ ಇವುಗಳ ಶತ್ರುವಲ್ಲ. ಬೆಣ್ಣೆಹಣ್ಣು ಕೂನೂರಿನಿಂದ ಕೆಳಗಿನ, ಹಿಮ ಬೀಳದ, ನೀರು ನಿಲ್ಲದ ಇಳಿಜಾರಿಗೆ ಒಳ್ಳೆಯದು. ಊಟಿಯ ತಗ್ಗಿನಲ್ಲಿ ಹಣ ವ್ಯರ್ಥ. ಇನ್ನು ಆ ತಾಯಿಯ ಮರಟೊಮ್ಯಾಟೊ. ಅದರ ಬೇರು ಮೇಲುಮೇಲೆ ಹರಡುತ್ತದೆ. ಒಂದೆರಡು ದಿನ ನೀರು ನಿಂತರೂ ಸಾಯುತ್ತದೆ, ಗಟ್ಟಿ ಹಿಮಕ್ಕೂ ಸುಡುತ್ತದೆ. ಆದರೆ ಕೋತಗಿರಿಯ ನಡುಗುಡ್ಡದಲ್ಲಿ ಎತ್ತರದ ದಿಬ್ಬದ ಮೇಲೆ ನೆಟ್ಟರೆ ಅದಕ್ಕಿಂತ ಬೇಗ ಫಲ ಕೊಡುವ ಗಿಡ ಕಡಿಮೆ. ಅವರು ಈ ವರ್ಷ ಮೂರೇ ಸಸಿ ತಂದು ಮನೆಯ ಮೂಲೆಯ ದಿಬ್ಬದಲ್ಲಿ ನೆಟ್ಟಿದ್ದಾರೆ. ಆಗಸ್ಟ್‌ನಲ್ಲಿ ಹೋಗಿ ನೋಡಿ ಬಂದೆವು, ಸೊಂಟದೆತ್ತರ ಬೆಳೆದಿವೆ.

ಬಲಿಪೀಠದ ಹೂವಿನ ಬಗ್ಗೆಯೂ ಕೇಳುತ್ತೀರಿ. ಸಕಲ ಮೃತರ ದಿನಕ್ಕೆ ಸಮಾಧಿಗಳ ಮೇಲಿಡಲು ಸೇವಂತಿಗೆ ಬೇಕು. ಅದು ಆ ಕಾಲಕ್ಕೇ ಅರಳುತ್ತದೆ. ಆದರೆ ಮಳೆಗೆ ಹೂ ಕೊಳೆಯುವುದರಿಂದ ಕುಂಡದಲ್ಲಿ ಸೂರಿನ ಕೆಳಗೆ ಬೆಳೆಸಿರಿ. ಜೆರೇನಿಯಂಗೂ ಸೂರಿನ ಕೆಳಗೇ ಸುಖ. ಕ್ರಿಸ್ಮಸ್ ಕಳೆದ ಮೇಲೆ ಚೆಂಡುಹೂ ಹಿಮಕ್ಕೆ ಕಂದಿಹೋದಾಗಲೂ ಪ್ಯಾನ್ಸಿ, ನಾಯಿಬಾಯಿ ಹೂ ನಗುತ್ತಿರುತ್ತವೆ. ಬಿಳಿಯ ಕ್ಯಾಲಾ ಲಿಲಿ ಮಾತ್ರ ನೀರು ನಿಂತ ಜಾಗವನ್ನೇ ಇಷ್ಟಪಡುವ ಗಿಡ. ಬೇರೇನೂ ಬಾರದ ಜೌಗು ಮೂಲೆಗೆ ಅದು ಸರಿ. ಹೆಚ್ಚಾದ ಗೆಡ್ಡೆಗಳನ್ನು ತೋಡಿಗೆ ಎಸೆಯಬೇಡಿರಿ. ಅದು ಈಗಾಗಲೇ ನಮ್ಮ ಬೆಟ್ಟದ ಜೌಗುಗಳಲ್ಲಿ ತಾನಾಗಿ ಹರಡಿಕೊಂಡಿದೆ.

ಈ ಮಾತಿಗೆ ಸ್ವಲ್ಪ ಒತ್ತು ಕೊಡಬೇಕು. 1819ರಲ್ಲಿ ಈ ಬೆಟ್ಟ ಹತ್ತಿದ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಮತ್ತು ಅವರ ಹಿಂದೆ ಬಂದವರು ತಮ್ಮ ದೇಶದ ತರಕಾರಿಗಳನ್ನು ಇಲ್ಲಿ ಬೆಳೆಸಿದರು. ಅದರಿಂದ ನಮ್ಮ ರೈತರಿಗೆ ಬದುಕು ಸಿಕ್ಕಿತು. ಆದರೆ ಊರಿನ ನೆನಪಿಗೆಂದು ಬಂದ ಹಳದಿ ಹೂವಿನ ಮುಳ್ಳುಪೊದೆ ಗೋರ್ಸ್, ಅದರ ನೆಂಟನಾದ ಸ್ಕಾಚ್ ಬ್ರೂಮ್, ಸೌದೆಗೆಂದು ಬಂದ ವಾಟಲ್ ಮರ, ಇವು ತೋಟ ದಾಟಿ ಹುಲ್ಲುಗಾವಲನ್ನೇ ನುಂಗಿದವು. ನಮ್ಮ ಚಳಿ ಮಳೆ ಎರಡಕ್ಕೂ ಅವು ಹೇಳಿಮಾಡಿಸಿದಂತಿದ್ದವು, ಅದೇ ಕಷ್ಟವಾಯಿತು. ಯಾವ ಆರೈಕೆಯೂ ಇಲ್ಲದೆ ಎಲ್ಲೆಂದರಲ್ಲಿ ಹಬ್ಬುವ ಹೊಸ ಗಿಡವನ್ನು ಯಾರಾದರೂ ಕೊಟ್ಟರೆ ಸ್ವಲ್ಪ ಅನುಮಾನದಿಂದಲೇ ನೋಡಿರಿ.

ಬೇಲಿಯಲ್ಲಿ ಗಂಟೆಯಂತೆ ತಲೆಕೆಳಗಾಗಿ ತೂಗುವ ದೊಡ್ಡ ಹೂವಿನ ಗಿಡವೂ ಹಾಗೆಯೇ. ಅದು ದತ್ತೂರದ ನೆಂಟ, ಬೇರಿನಿಂದ ಹೂವಿನವರೆಗೆ ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ. ಕ್ಯಾಲಾ ಲಿಲಿಯ ಎಲೆ ಅಗಿದರೂ ಮಕ್ಕಳ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ.

ಹಿತ್ತಲಿನಲ್ಲಿ ಸೊಪ್ಪಿನ ಮಡಿಯೊಂದು ಇರಲೇಬೇಕೆಂದು ನಾವು ಹಟ ಹಿಡಿಯುವುದಕ್ಕೆ ಕಾರಣವಿದೆ. ಚಹಾ ತೋಟದಲ್ಲಿ ದುಡಿಯುವ ನಮ್ಮ ಎಷ್ಟೋ ತಾಯಂದಿರಿಗೆ ರಕ್ತ ಕಡಿಮೆ. ತರಕಾರಿ ಬೆಳೆಯುತ್ತಿದ್ದ ನೆಲಕ್ಕೆಲ್ಲ ಚಹಾ ಹಾಕಿದ ಮೇಲೆ, ಬೆಟ್ಟದಲ್ಲಿದ್ದುಕೊಂಡೇ ಸೊಪ್ಪಿಗೆ ಸಂತೆಗೆ ಹೋಗುವ ಸ್ಥಿತಿ ಬಂದಿದೆ. ಎಲೆಯ ಬೆಲೆ ಇಳಿದ ತಿಂಗಳು ಮೊದಲು ಬಿಡುವುದು ತರಕಾರಿಯನ್ನೇ. ಸಾಸಿವೆ ಸೊಪ್ಪು, ಮೂಲಂಗಿ ಸೊಪ್ಪು ಚಳಿಗೆ ಹೆದರವು, ಕಬ್ಬಿಣದ ಅಂಶವನ್ನೂ ಕೊಡುತ್ತವೆ. ಪಾಲಕ್‌ನಲ್ಲಿರುವ ಕಬ್ಬಿಣ ದೇಹಕ್ಕೆ ಅಷ್ಟಾಗಿ ಹತ್ತುವುದಿಲ್ಲ. ಪಲ್ಯಕ್ಕೆ ನಿಂಬೆ ಹಿಂಡಿರಿ, ಹುಳಿ ಹಣ್ಣು ಜೊತೆಗಿರಲಿ. ಅದರಿಂದ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಚಹಾ ಅದಕ್ಕೆ ತಡೆಯೊಡ್ಡುತ್ತದೆ. ಚಹಾ ನಾಡಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳುತ್ತೇವೆ: ಊಟದ ಜೊತೆ ಚಹಾ ಬೇಡ, ಒಂದು ಗಂಟೆಯಾದರೂ ಬಿಟ್ಟು ಕುಡಿಯಿರಿ. ಈಗಾಗಲೇ ಸುಸ್ತು, ಏದುಸಿರು ಇರುವವರು ಸೊಪ್ಪನ್ನು ನಂಬಿ ಕೂರದೆ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿರಿ. ಮಳೆಗಾಲದ ಸೊಪ್ಪಿನಲ್ಲಿ ಚಿಪ್ಪಿಲ್ಲದ ಬಸವನಹುಳು ಅಡಗಿರುತ್ತದೆ, ಎಲೆಎಲೆಯಾಗಿ ಬಿಡಿಸಿ ತೊಳೆಯಿರಿ. ಬೆಳಕಿಗೆ ಹಸಿರಾದ ಆಲೂಗಡ್ಡೆಯನ್ನು ಅಡಿಗೆಗೆ ಹಾಕಬೇಡಿರಿ.

ಕೊನೆಯದಾಗಿ, ಮನೆಯ ಹಿಂದೆ ಕಡಿದ ದಿಬ್ಬ ಇರುವವರಿಗೆ. 2009ರ ನವೆಂಬರ್‌ನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡ ಜರಿದು ನಲವತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಈಗ ಮಳೆ ಹತ್ತಿರವಿದೆ. ಮನೆಯ ಮೇಲಿನ ಇಳಿಜಾರಿನಲ್ಲಿ ಈ ತಿಂಗಳು ಹೊಸದಾಗಿ ಮಡಿ ಅಗೆಯಬೇಡಿರಿ, ಹುಲ್ಲು ಕೆತ್ತಬೇಡಿರಿ, ನೀರಿಂಗುವ ಗುಂಡಿ ತೋಡಬೇಡಿರಿ. ಇರುವ ಬಸಿಗಾಲುವೆಯ ಕಸ ತೆಗೆದು ನೀರು ಮನೆಯಿಂದ ದೂರ ಹೋಗುವಂತೆ ಮಾಡಿರಿ. ಗೋಡೆಯಲ್ಲಿ ಹೊಸ ಬಿರುಕು ಕಂಡರೆ, ದಿಬ್ಬದಿಂದ ಕೆಸರು ನೀರು ಒಸರಿದರೆ, ತೋಟದ ಚಿಂತೆ ಬಿಟ್ಟು ಮಕ್ಕಳನ್ನು ಕರೆದುಕೊಂಡು ಹೊರಟುಬಿಡಿರಿ. ಶಾಲೆಯ ಹಾಲಿನ ಬೀಗದ ಕೈ ಹಗಲಿರುಳೂ ಬಂಗಲೆಯಲ್ಲಿರುತ್ತದೆ.

ಬರುವ ಭಾನುವಾರ ಎರಡನೆಯ ಪೂಜೆಯ ನಂತರ ಲೀಕ್ ಸಸಿ, ಕೋಸಿನ ಸಸಿ, ಮೊಳಕೆಯೊಡೆದ ಸೀಮೆಬದನೆ ಕೊಡುತ್ತೇವೆ. ಒಂದು ಮನೆಗೆ ಹತ್ತು ಸಸಿ, ಎರಡು ಸೀಮೆಬದನೆ. ಬರುವವರು ಶನಿವಾರ ಸಂಜೆ ಅಂಗಳದಲ್ಲಿ ಗುಂಡಿ ತೋಡಿ, ಮೇಲೆ ಹೇಳಿದಂತೆ ಎರಡು ಸಲ ನೀರು ತುಂಬಿ, ಬೆಳಿಗ್ಗೆ ಎಷ್ಟು ಉಳಿದಿತ್ತೆಂದು ನೋಡಿಕೊಂಡು ಬನ್ನಿರಿ. ಅದನ್ನು ಕೇಳಿದ ಮೇಲೆಯೇ ಸಸಿ ಕೊಡುವುದು.